ಬಡ್ಡಿ ಎಷ್ಟು ಅಂತ ಕೇಳುವವರಿಗೆ ನಾನು ಮೊದಲು ಕೇಳುವ ಪ್ರಶ್ನೆ

ವಿಜಯಪುರದ ಗಾಂಧಿ ಚೌಕ ಹತ್ತಿರದ ಒಂದು ಟ್ಯಾಕ್ಸ್ ಆಫೀಸಿನಲ್ಲಿ ನನ್ನ ಕೆಲಸ. ಅಂಗಡಿಯವರ ಜಿಎಸ್‌ಟಿ, ಮಾಸ್ತರರ ರಿಟರ್ನು, ದಿನದ ಕೆಲಸ ಅದೇ. ಜೊತೆಗೆ ದುಬೈ, ಸೌದಿ, ಮಸ್ಕತ್‌ನಲ್ಲಿ ದುಡಿಯುವ ನಮ್ಮ ಜಿಲ್ಲೆಯವರ ಫೈಲುಗಳೂ ನನ್ನ ಕಡೆಗೇ ಬರುತ್ತವೆ. ಸೌದಿಯವರು ಫೋನ್ ಮಾಡೋದು ಶುಕ್ರವಾರ, ಅಂದು ಅವರಿಗೆ ಸೂಟಿ. ಉಳಿದವರು ರಂಜಾನ್‌ಗೋ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೋ ಊರಿಗೆ ಬಂದಾಗ ಪಾಸ್‌ಬುಕ್ಕುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬರುತ್ತಾರೆ.

ಬಂದವರು ಕೂತ ಕೂಡಲೇ ಕೇಳೋದು, "ಸರ, ಯಾವ ಬ್ಯಾಂಕಿನ್ಯಾಗ ಬಡ್ಡಿ ಜಾಸ್ತಿ ಐತ್ರಿ?" ನಾನು ತಿರುಗಿ ಕೇಳುತ್ತೇನೆ, "ನೀವು ಊರಿಗೆ ಕಾಯಂ ಬರೋದು ಯಾವ ವರ್ಷರಿ?" ನಗುತ್ತಾರೆ. "ಇನ್ನೊಂದ ಎರಡ ವರ್ಷ ನೋಡೋಣ್ರಿ." ಆ ಎರಡು ವರ್ಷ ಎಂದೂ ಮುಗಿಯೋದಿಲ್ಲ, ಅದು ಬೇರೆ ಮಾತು. ಆದರೆ ಹೊರದೇಶದಲ್ಲಿ ಇರುವವರ ಮುಪ್ಪಿನ ದುಡ್ಡಿಗೆ ಬಡ್ಡಿ ದರಕ್ಕಿಂತ ಆ ವರ್ಷವೇ ಮುಖ್ಯ ಅನ್ನೋದು ಇಷ್ಟು ಫೈಲು ನೋಡಿದ ಮೇಲೆ ನನಗೆ ಗಟ್ಟಿಯಾಗಿದೆ.

ಮೊದಲು ಕೈಗೆ ಏನು ಬರುತ್ತದೆ ಅನ್ನೋದನ್ನೇ ನೋಡೋಣ. ಯುಎಇಯಲ್ಲಿ ನಮ್ಮಂಥ ಹೊರಗಿನವರಿಗೆ ಸರ್ಕಾರಿ ಪಿಂಚಣಿ ಇಲ್ಲ. ಕೆಲಸ ಬಿಟ್ಟಾಗ ಕಂಪನಿ ಗ್ರಾಚುಯಿಟಿ ಕೊಡುತ್ತದೆ. ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಸಂಬಳ. ಒಟ್ಟು ಎರಡು ವರ್ಷದ ಸಂಬಳ ದಾಟುವಂತಿಲ್ಲ. ಸಂಬಳ ಅಂದರೆ ಇಲ್ಲಿ ಬೇಸಿಕ್ ಮಾತ್ರ. ರೂಮು, ಊಟ, ಓಡಾಟದ ಭತ್ಯೆ ಯಾವುದೂ ಲೆಕ್ಕಕ್ಕಿಲ್ಲ.

ಬಬಲೇಶ್ವರ ಕಡೆಯ ಒಬ್ಬರು ಅಲ್ಲಿ 14 ವರ್ಷ ದುಡಿದಿದ್ದರು. ಕೈಗೆ ತಿಂಗಳಿಗೆ 4,000 ದಿರ್ಹಾಮ್. ವರ್ಷಕ್ಕೆ ಒಂದು ತಿಂಗಳಂತೆ 56,000 ಬರುತ್ತದೆ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿ, ಮನೆಯ ಮೇಲಿನ ಮಾಳಿಗೆಗೆ ಪ್ಲಾನ್ ಕೂಡ ತೆಗೆಸಿದ್ದರು. ಅವರ ಕಾಂಟ್ರ್ಯಾಕ್ಟ್ ತರಿಸಿ ನೋಡಿದರೆ ಬೇಸಿಕ್ 2,400. ದಿನಕ್ಕೆ 80 ಆಯ್ತು. ಮೊದಲ 5 ವರ್ಷದ 105 ದಿನಕ್ಕೆ 8,400. ಉಳಿದ 9 ವರ್ಷದ 270 ದಿನಕ್ಕೆ 21,600. ಕೂಡಿಸಿದರೆ 30,000 ದಿರ್ಹಾಮ್. ದಿರ್ಹಾಮಿಗೆ 23 ರೂಪಾಯಿ ಹಿಡಿದರೂ 6 ಲಕ್ಷ 90 ಸಾವಿರ. ಕ್ಯಾಲ್ಕುಲೇಟರ್ ಇಸಕೊಂಡು ತಾವೇ ಇನ್ನೊಮ್ಮೆ ಒತ್ತಿ ನೋಡಿದರು. ಅಷ್ಟೇ ಬಂತು. ಮಾಳಿಗೆ ವಿಷಯ ಆಮೇಲೆ ಎತ್ತಲಿಲ್ಲ. ಹೀಗಾಗಿ ಈಗ ನಾನು ಪಾಸ್‌ಬುಕ್ಕಿಗಿಂತ ಮೊದಲು ಕೆಲಸದ ಕಾಂಟ್ರ್ಯಾಕ್ಟ್ ಕೇಳುತ್ತೇನೆ.

ಇನ್ನು ಖಾತೆಗಳು. ಇಲ್ಲಿದ್ದಾಗಿನ ಹಳೇ ಉಳಿತಾಯ ಖಾತೆಯಲ್ಲೇ ವರ್ಷಗಟ್ಟಲೆ ವ್ಯವಹಾರ ನಡೆಸುವವರು ಬಹಳ. ದುಡಿಯಲು ಹೊರದೇಶಕ್ಕೆ ಹೋದ ಮೇಲೆ ಅದನ್ನು ಎನ್‌ಆರ್‌ಓ, ಅಂದರೆ ಹೊರದೇಶದಲ್ಲಿರುವವರ ಇಲ್ಲಿಯ ಖಾತೆ, ಮಾಡಿಸಬೇಕು. ಊರಿನ ಬಾಡಿಗೆ ಮತ್ತು ಇಲ್ಲಿಯ ಇತರ ಆದಾಯ ಅದಕ್ಕೆ ಬರಲಿ. ಅಲ್ಲಿಂದ ಕಳಿಸುವ ದುಡ್ಡಿಗೆ ಎನ್‌ಆರ್‌ಇ ಅನ್ನೋ ಬೇರೆ ಖಾತೆ. ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಆದರೆ ಎನ್‌ಆರ್‌ಇ ಎಫ್‌ಡಿಯನ್ನು ಒಂದು ವರ್ಷದೊಳಗೆ ಮುರಿದರೆ ಬಡ್ಡಿಯೇ ಸಿಗೋದಿಲ್ಲ. ಎನ್‌ಆರ್‌ಓ ಬಡ್ಡಿಗೆ ಶೇ. 30ರ ಜೊತೆ ಸೆಸ್ ಸೇರಿಸಿ ಬ್ಯಾಂಕಿನವರೇ ಮೊದಲೇ ತೆರಿಗೆ (ಟಿಡಿಎಸ್) ಹಿಡಿಯುತ್ತಾರೆ. ಆದಾಯ ಕಡಿಮೆ ಇದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು. "12 ಲಕ್ಷದ ತನಕ ಟ್ಯಾಕ್ಸ್ ಇಲ್ಲಂತಲ್ರಿ?" ಅಂತ ಟಿವಿ ನೋಡಿ ಕೇಳುತ್ತಾರೆ. ಆ ರಿಯಾಯ್ತಿ ಇಲ್ಲೇ ವಾಸ ಇರುವವರಿಗೆ. ಎನ್‌ಆರ್‌ಐಗಳಿಗೆ ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷ ಮಾತ್ರ ಬಿಡುವು.

ಜಾಸ್ತಿ ಜನ ಇದ್ಯಾವುದೂ ಬೇಡ ಅಂತ ಹೆಂಡತಿಯ ಖಾತೆಗೇ ದುಡ್ಡು ಹಾಕಿಬಿಡುತ್ತಾರೆ. ಮನೆ ನಡೆಸೋದಕ್ಕೆ ಸರಿ. ಉಳಿದದ್ದನ್ನು ಆಕೆ ತನ್ನ ಹೆಸರಲ್ಲಿ ಎಫ್‌ಡಿ ಇಟ್ಟರೆ ಆ ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತದೆ, ತೆರಿಗೆಯ ಲೆಕ್ಕಕ್ಕೂ ಬರುತ್ತದೆ. ಅದೇ ದುಡ್ಡು ಗಂಡನ ಎನ್‌ಆರ್‌ಇ ಎಫ್‌ಡಿಯಲ್ಲಿ ಇದ್ದಿದ್ದರೆ ತೆರಿಗೆಯ ಮಾತೇ ಇರಲಿಲ್ಲ. ಖಾತೆಯ ಮೇಲೆ ಹೆಂಡತಿಗೆ ಮ್ಯಾಂಡೇಟ್, ಅಂದರೆ ಖಾತೆ ನಡೆಸುವ ಅಧಿಕಾರ, ಬರೆದುಕೊಟ್ಟರೆ ಮನೆ ಖರ್ಚಿಗೆ ಆಕೆಯೇ ತೆಗೆಯಬಹುದು. ಈ ಮಾತು ಆಡುವಾಗ ಗಂಡ ಹೆಂಡತಿ ಇಬ್ಬರೂ ಎದುರಿಗಿರಲಿ ಅನ್ನುತ್ತೇನೆ. ಮನೆಯ ಖರೇ ಖರ್ಚು ಎಷ್ಟು ಅನ್ನೋದು ಆಕೆಗೇ ಗೊತ್ತಿರುತ್ತದೆ.

ನಮ್ಮ ಕಡೆ ಮುಪ್ಪಿನ ದುಡ್ಡು ಅಂದರೆ ಹೊಲ. ಮಸ್ಕತ್‌ನಲ್ಲಿರುವ ಒಬ್ಬರು ಇಂಡಿ ಹತ್ತಿರ ಲಿಂಬೆ ತೋಟ ನೋಡಿ, ಉತಾರಿಯ (ಪಹಣಿಯ) ಫೋಟೋ ನನಗೆ ವಾಟ್ಸ್ಆ್ಯಪ್ ಮಾಡಿದ್ದರು. 2020ರಲ್ಲಿ ಕಾಯ್ದೆ ಬದಲಾಗಿದೆ, ಈಗ ಯಾರು ಬೇಕಾದರೂ ಹೊಲ ಹಿಡಿಯಬಹುದು ಅಂತ ಏಜೆಂಟ್ ಹೇಳಿದ್ದನಂತೆ. ಬದಲಾಗಿದ್ದು ರಾಜ್ಯದ ಭೂಸುಧಾರಣೆ ಕಾಯ್ದೆ. ಎನ್‌ಆರ್‌ಐಗಳು ಕೃಷಿ ಜಮೀನು, ಪ್ಲಾಂಟೇಶನ್, ತೋಟದ ಮನೆ ಕೊಳ್ಳುವ ಹಾಗಿಲ್ಲ ಅಂತ ತಡೆಯುವುದು ಕೇಂದ್ರದ ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆಯ ನಿಯಮ. ಅದು ಹಾಗೇ ಇದೆ. ದಾನವಾಗಿಯೂ ಪಡೆಯುವಂತಿಲ್ಲ. ಅಪ್ಪನಿಂದ ವಾರಸಾ ಬಂದರೆ ತೊಂದರೆ ಇಲ್ಲ, ಹೋಗುವ ಮೊದಲು ಹಿಡಿದ ಹೊಲ ಇದ್ದರೆ ಅದೂ ಇರಲಿ. ಮನೆ, ಸೈಟು, ಅಂಗಡಿ ಕೊಳ್ಳಬಹುದು. "ಹಂಗಾರ ತೋಟಾ ಯಾವಾಗ ಹಿಡೀಲಿ?" ಅಂದರು. ಕಾಯಂ ಬಂದು ಇಲ್ಲೇ ನೆಲೆಸಿದ ಮೇಲೆ. ಅಡ್ವಾನ್ಸ್ ಕೊಟ್ಟಿರಲಿಲ್ಲ, ಪುಣ್ಯ.

ಪಿಪಿಎಫ್, ಅಂದರೆ ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆಯ ಕಥೆಯೂ ಇಂಥದ್ದೇ. ಹೋಗುವ ಮೊದಲು ತೆರೆದಿದ್ದರೆ 15 ವರ್ಷ ತುಂಬುವ ತನಕ ನಡೆಸಬಹುದು, ಮುಂದುವರಿಸುವಂತಿಲ್ಲ, ಹೊಸದು ತೆರೆಯುವಂತಿಲ್ಲ. ಹಿರಿಯ ನಾಗರಿಕರ ಉಳಿತಾಯ ಯೋಜನೆ ಎನ್‌ಆರ್‌ಐಗಳಿಗಿಲ್ಲ. ಬಂದ ಮೇಲೆ, 60 ದಾಟಿದ್ದರೆ, 30 ಲಕ್ಷದ ತನಕ ಇಡಬಹುದು. ಎನ್‌ಪಿಎಸ್ ಅನ್ನೋ ಪಿಂಚಣಿ ಯೋಜನೆ ಅಲ್ಲಿದ್ದುಕೊಂಡೇ ಮಾಡಬಹುದು. ಮ್ಯೂಚುವಲ್ ಫಂಡ್ ಕೂಡ, ಆದರೆ ಇಲ್ಲಿದ್ದಾಗ ಶುರು ಮಾಡಿದ ಎಸ್‌ಐಪಿ ಕಂತಿಗೆ ಕೆವೈಸಿಯಲ್ಲಿ ಎನ್‌ಆರ್‌ಐ ಅಂತ ಬದಲಿಸಲೇಬೇಕು.

ವಾಪಸ್ ಬಂದ ದಿನ ಎಲ್ಲ ತಿರುಗುತ್ತದೆ. ಕಾಯಂ ಬಂದ ಮೇಲೆ ಎನ್‌ಆರ್‌ಇ ಖಾತೆಯನ್ನು ಇಲ್ಲಿನವರ ಖಾತೆ ಮಾಡಿಸಬೇಕು. ಎಫ್‌ಡಿ ಮುಗಿಯುವ ತನಕ ಒಪ್ಪಿದ ಬಡ್ಡಿ ಸಿಗುತ್ತದೆ, ಆದರೆ ಅದಕ್ಕಿನ್ನು ತೆರಿಗೆ ಬೀಳುತ್ತದೆ. ಬರುವ ವರ್ಷ ಗೊತ್ತಿದ್ದವರಿಗೆ ಒಂದು ದಾರಿ ಉಂಟು. ಹೊರಡುವ ಮೊದಲು ಒಂದಿಷ್ಟನ್ನು ಡಾಲರ್‌ನಲ್ಲಿ ಎಫ್‌ಸಿಎನ್‌ಆರ್ ಠೇವಣಿ ಇಡೋದು, 1ರಿಂದ 5 ವರ್ಷದ ಅವಧಿಗೆ. ಹಿಂದಿನ 10 ವರ್ಷದಲ್ಲಿ 9 ವರ್ಷ ಎನ್‌ಆರ್‌ಐ ಆಗಿದ್ದವರು ಬಂದ ಮೇಲೂ ಸ್ವಲ್ಪ ಕಾಲ ಟ್ಯಾಕ್ಸ್ ಲೆಕ್ಕದಲ್ಲಿ ಪೂರ್ತಿ ನಿವಾಸಿ ಆಗಿರೋದಿಲ್ಲ. ಅಷ್ಟು ಕಾಲ ಆ ಠೇವಣಿಯ ಬಡ್ಡಿಗೆ ತೆರಿಗೆ ಇಲ್ಲ, ರೂಪಾಯಿ ಇಳಿದರೂ ಅಸಲು ಕರಗೋದಿಲ್ಲ.

ಇದನ್ನೆಲ್ಲ ತೋರಿಸಲು ಯಾವ ವರ್ಷ ಎಷ್ಟು ದಿನ ಇಲ್ಲಿದ್ದಿರಿ ಅನ್ನೋದಕ್ಕೆ ಪಾಸ್‌ಪೋರ್ಟಿನ ಸಿಕ್ಕೆಗಳೇ ಪುರಾವೆ. ಹೊಸ ಪಾಸ್‌ಪೋರ್ಟ್ ಬಂತೆಂದು ಹಳೇದನ್ನು ಎಲ್ಲೋ ಹಾಕಿ ಮರೆತವರ ಫೈಲು ಮುಂದೆ ಹೋಗೋದಿಲ್ಲ. ಬರುವಾಗ ಎರಡೂ ತನ್ನಿ. ಝೆರಾಕ್ಸ್ ನಾವೇ ಮಾಡಿಕೊಳ್ಳುತ್ತೇವೆ.