ಹತ್ತು ಮರದ ತುಂಡುಗಳು

ಧಾರವಾಡದಲ್ಲಿ ನಮ್ಮ ಕಾಲೇಜಿನ ಮನಃಶಾಸ್ತ್ರ ಪ್ರಯೋಗಾಲಯದ ಹಸಿರು ಬೀರುವಿನಲ್ಲಿ ಮಕ್ಕಳ ಬುದ್ಧಿಮಟ್ಟ ಅಳೆಯುವ ಸೆಗಿನ್ ಫಾರ್ಮ್ ಬೋರ್ಡ್ ಇತ್ತು. ವೃತ್ತ, ಚೌಕ, ನಕ್ಷತ್ರ ಎಂದು ಹತ್ತು ಆಕಾರದ ಮರದ ತುಂಡುಗಳನ್ನು ಮಗು ಮೂರು ಸಲ ಅವುಗಳ ಜಾಗದಲ್ಲಿ ಕೂರಿಸಬೇಕು. ಅತಿ ಕಡಿಮೆ ಹಿಡಿದ ಸಮಯವೇ ಲೆಕ್ಕಕ್ಕೆ. "ಬರೇ ಗಡಿಯಾರ ನೋಡಿಕೋತ ಕೂಡಬ್ಯಾಡ, ಕೂಸಿನ ಕೈ ನೋಡು" ಎಂದು ಮೇಡಂ ಗದರಿದ್ದು ಇನ್ನೂ ಕಿವಿಯಲ್ಲಿದೆ. ಬುದ್ಧಿಮಟ್ಟವನ್ನೇ ಅಳೆಯುವ ಇನ್ನೊಂದು ಪರೀಕ್ಷೆಯಾದ ಬಿನೆ ಪರೀಕ್ಷೆಯನ್ನು ಮನಃಶಾಸ್ತ್ರಜ್ಞ ವಿ. ವಿ. ಕಾಮತರು 1934ರಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರೆಂದು ಮೇಡಂ ಹೇಳುವಾಗ ದನಿಯಲ್ಲಿ ತುಸು ಹೆಮ್ಮೆಯೂ ಇರುತ್ತಿತ್ತು.

2020ರ ಜುಲೈನಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರ ಮಕ್ಕಳ ವಿಭಾಗಕ್ಕೆ ಇಂಟರ್ನ್ ಆಗಿ ಸೇರಿದಾಗ ನನಗೆ ನೋಡಲು ಕೈಗಳೇ ಸಿಗಲಿಲ್ಲ. ಆಟಿಕೆಗಳನ್ನೆಲ್ಲ ಸೋಪಿನ ನೀರಿನಲ್ಲಿ ತೊಳೆದು ಕಪಾಟಿಗೆ ಸೇರಿಸಿದ್ದರು. ಮರದ ತುಂಡುಗಳಿಗೆ ದಿನವೂ ಸ್ಯಾನಿಟೈಸರ್ ಒರೆಸಿ ನಕ್ಷತ್ರದ ಬಣ್ಣ ಎದ್ದುಹೋಗಿತ್ತು. ಬಹುಪಾಲು ಮಕ್ಕಳನ್ನು ವಿಡಿಯೊ ಕರೆಯಲ್ಲೇ ಕಾಣಬೇಕಿತ್ತು. ಅದೂ ಅಕ್ಕನ ಆನ್‌ಲೈನ್ ತರಗತಿ ಮುಗಿದು ಮನೆಯ ಒಂದೇ ಫೋನು ಬಿಡುವಾದ ಮೇಲೆ.

ಮಾತು ಕಡಿಮೆಯಾಗಿದೆಯೆಂದು ತಾಯಿ ದೂರಿದ್ದ ಆರು ವರ್ಷದ ಹುಡುಗನೊಬ್ಬ ಮೊದಲ ಎರಡು ವಾರ ನನ್ನ ಪ್ರತಿ ಪ್ರಶ್ನೆಗೂ ಉತ್ತರಿಸುವ ಮುನ್ನ ಪರದೆಯ ಎಡಗಡೆಗೆ ಕಣ್ಣು ಹಾಯಿಸುತ್ತಿದ್ದ. ಗಮನ ನಿಲ್ಲುವುದಿಲ್ಲವೆಂದು ನಾನು ವರದಿಯಲ್ಲಿ ಬರೆದೆ. ನನ್ನ ಮೇಲ್ವಿಚಾರಕರು ಅದನ್ನು ಓದಿ, "ಎಡಗಡೆ ಯಾರು ಕೂತಿರ್ತಾರೆ ಅಂತ ಕೇಳಿದ್ರಾ?" ಎಂದಷ್ಟೇ ಅಂದರು. ನಾನು ಕೇಳಿರಲಿಲ್ಲ. ಒಂದೇ ಕೋಣೆಯ ಆ ಮನೆಯಲ್ಲಿ, ಕೆಲಸ ಹೋಗಿ ಕುಳಿತಿದ್ದ ತಂದೆ ಪ್ರತಿ ಸಲವೂ ಅಲ್ಲೇ ಇರುತ್ತಿದ್ದರಂತೆ. ಅಂದು ಹಾಳೆಯ ಮೇಲೆ ಎಳೆದ ಕೆಂಪು ಗೆರೆಯನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಮುಂದಿನ ವಾರದಿಂದ ತಂದೆಯನ್ನೂ ಆಟಕ್ಕೆ ಸೇರಿಸಿಕೊಂಡೆವು. ಬೋರ್ಡಿನ ಬದಲು ಅಡುಗೆಮನೆಯ ಡಬ್ಬಗಳು, ಅವುಗಳ ಮುಚ್ಚಳಗಳು; ಫೋನು ಹಿಡಿಯುವ ಕೆಲಸ ತಂದೆಯದು. ಅದಕ್ಕೆ ಅಂಕ ಹಾಕುವಂತಿರಲಿಲ್ಲ, ಏಕೆಂದರೆ ನಿಗದಿತ ಸಾಮಗ್ರಿಯನ್ನು ಬದಲಿಸಿದ ಮೇಲೆ ಪರೀಕ್ಷೆಯ ಮಾನಕಗಳು ಅನ್ವಯಿಸುವುದಿಲ್ಲ. ಆದರೆ ಮುಚ್ಚಳವನ್ನು ಒಂದು ಕ್ಷಣ ತಿರುಗಿಸಿ ನೋಡಿ, ಆಮೇಲೆ ಸರಿಯಾದ ಡಬ್ಬಕ್ಕೇ ಹಾಕುವ ಅವನ ಕೈ ಕಂಡಿತು. ಮೇಡಂ ನೋಡು ಅಂದಿದ್ದು ಅದನ್ನೇ.

ರಾಜ್ಯದಲ್ಲಿ ಒಂದರಿಂದ ಐದನೆಯ ತರಗತಿಗಳು 2021ರ ಅಕ್ಟೋಬರ್ 25ರಂದು ತೆರೆದವು. ನಾನಿನ್ನೂ ಅಲ್ಲೇ ತರಬೇತಿಯಲ್ಲಿದ್ದೆ. ಅದರ ಮರುವಾರ ಅವನು ಅಪ್ಪನ ಕೈ ಹಿಡಿದು ಆಸ್ಪತ್ರೆಗೆ ಬಂದ. ಹತ್ತೂ ತುಂಡುಗಳನ್ನು ಮೂರು ಸಲ ಜೋಡಿಸಿದ. ಬಣ್ಣ ಹೋದ ನಕ್ಷತ್ರವನ್ನು ಉಗುರಿನಿಂದ ಕೆರೆದು ನೋಡಿದ. ವೇಳೆ ಬರೆದುಕೊಂಡು ನಾನು ಎದ್ದು ನಿಂತಾಗ ಅಡಿಯಿಂದ ಮುಡಿಯವರೆಗೆ ನನ್ನನ್ನು ನೋಡಿ, ಎಡಕ್ಕೂ ಬಲಕ್ಕೂ ತಿರುಗದೆ, ಸ್ಪಷ್ಟವಾಗಿ ಕೇಳಿದ:

"ಅಕ್ಕಾ, ನೀವು ಇಷ್ಟೇನಾ ಉದ್ದ?"