ಬ್ಲೈಥ್‌ಬರೋ ಚರ್ಚಿನ ಮಾಡಿನಲ್ಲಿ

ಊರು ಕಾಣುವ ಮೊದಲೇ ಚರ್ಚು ಕಂಡಿತು. ಊರೊಳಗೆ ಬಂದ ಮೇಲೂ ಕಣ್ಣಿಗೆ ಬೀಳುತ್ತಿದ್ದದ್ದು ಚರ್ಚೇ. ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫೋಕ್‌ನಲ್ಲಿ, ಜೌಗು ನೆಲದ ಪಕ್ಕದ ಈ ಪುಟ್ಟ ಹಳ್ಳಿಗೆ ಇಷ್ಟು ದೊಡ್ಡ ಚರ್ಚು ಯಾಕೆ ಬೇಕಿತ್ತು? ಕಾರಣ ಪಕ್ಕದ ಬ್ಲೈಥ್ ನದಿ. 15ನೇ ಶತಮಾನದಲ್ಲಿ ಇದನ್ನು ಕಟ್ಟುವಾಗ ಇಲ್ಲಿ ಬಂದರಿತ್ತು, ದುಡ್ಡಿತ್ತು. ಆಮೇಲೆ ನದಿಯಲ್ಲಿ ಹೂಳು ತುಂಬಿತು, ಹಡಗು ದೊಡ್ಡದಾದವು, ವ್ಯಾಪಾರ ಹೋಯಿತು. ಚರ್ಚು ಮಾತ್ರ ಉಳಿಯಿತು.

ಒಳಗೆ ಕತ್ತಲೆ ಇರುತ್ತದೆ ಅಂದುಕೊಂಡಿದ್ದೆ. ಇಲ್ಲ, ಬೆಳಕೋ ಬೆಳಕು! ಮೇಲೆ ಸಾಲುಸಾಲು ಕಿಟಕಿ, ಬಣ್ಣವಿಲ್ಲದ ಗಾಜು, ಬಿಳಿ ಗೋಡೆ. ತಲೆ ಎತ್ತಿದರೆ ಮರದ ಮಾಡಿನ ನಡುತೊಲೆಯುದ್ದಕ್ಕೂ ರೆಕ್ಕೆ ಬಿಚ್ಚಿದ ದೇವದೂತರು. ಮಾಡಿನ ಮೇಲಿನ ಕೆಂಪು, ಹಸಿರು ಮಾಸಿದೆ, ಅಳಿಸಿಲ್ಲ. ಕತ್ತು ನೋಯುವವರೆಗೂ ನೋಡಿದೆ.

ಈ ದೇವದೂತರ ಮೈಯಲ್ಲಿ ಗುಂಡಿನ ತೂತುಗಳಿದ್ದವು. ಹೊಡೆಸಿದ್ದು ವಿಲಿಯಂ ಡೌಸಿಂಗ್ ಅಂತ ಜನ ಬಹಳ ಕಾಲ ಹೇಳುತ್ತಿದ್ದರು. ಅಂತರ್ಯುದ್ಧದ ಕಾಲದಲ್ಲಿ ಚರ್ಚುಗಳ ಮೂರ್ತಿ, ಚಿತ್ರ ಒಡೆಸುತ್ತಾ ತಿರುಗಿದವನು ಅವನು. 1644ರಲ್ಲಿ ಇಲ್ಲಿಗೂ ಬಂದ. 20 ದೇವದೂತರನ್ನು ಕೆಳಗಿಳಿಸಬೇಕು ಅಂತ ಆಜ್ಞೆ ಮಾಡಿದ್ದನ್ನು ತನ್ನ ದಿನಚರಿಯಲ್ಲೇ ಬರೆದುಕೊಂಡಿದ್ದಾನೆ. ಅಷ್ಟು ಎತ್ತರಕ್ಕೆ ಏಣಿ ಹಾಕುವ ಉಸಾಬರಿ ಯಾರಿಗೂ ಬೇಡವಾಯಿತೇನೋ! ಆದರೆ ಮರದಲ್ಲಿ ಸಿಕ್ಕ ಸೀಸದ ಗುಂಡು ಅವನ ಕಾಲದ್ದಲ್ಲ, 18ನೇ ಶತಮಾನದ್ದು. ಚರ್ಚಿನೊಳಗೆ ಸೇರಿಕೊಂಡ ಜಾಕ್‌ಡಾ ಹಕ್ಕಿಗಳನ್ನು (ನಮ್ಮ ಕಾಗೆಯ ದಾಯಾದಿ) ಹೊಡೆಯಲು ದುಡ್ಡು ಕೊಟ್ಟಿದ್ದು ಚರ್ಚಿನ ಹಳೆಯ ಲೆಕ್ಕದ ಪುಸ್ತಕದಲ್ಲೇ ಇದೆ. ಡೌಸಿಂಗ್ ಒಡೆಸಿದ್ದು ಕಡಿಮೆಯೇನಲ್ಲ, ಆದರೆ ಈ ಗುಂಡು ಮಾತ್ರ ಅವನ ತಲೆಗೆ ಸುಮ್ನೆ ಕಟ್ಟಿದ್ದು.

ಬೆಂಚುಗಳ ತುದಿಯ ಕೆತ್ತನೆ ನನಗೆ ದೇವದೂತರಿಗಿಂತ ಜಾಸ್ತಿ ಇಷ್ಟವಾಯಿತು. ಮನುಷ್ಯನ ಪಾಪಗಳನ್ನೇ ಕೂರಿಸಿದ್ದಾರೆ. ಸೋಮಾರಿ ಹಾಸಿಗೆ ಬಿಟ್ಟು ಏಳುತ್ತಿಲ್ಲ. ಹೊಟ್ಟೆಬಾಕ ಹೊಟ್ಟೆ ಹಿಡಿದು ಕೂತಿದ್ದಾನೆ. ಪ್ರವಚನ ಕೇಳುವಾಗ ಪಕ್ಕದಲ್ಲಿ ಇವರು ಕೂತಿದ್ದರೆ ಕಷ್ಟ ಅಲ್ವಾ?

1881ರ ಹೊತ್ತಿಗೆ ಚರ್ಚು ಎಷ್ಟು ಹಾಳಾಗಿತ್ತೆಂದರೆ, ಅಪಾಯ ಅಂತ ಬಾಗಿಲು ಹಾಕಿಸಿದರು. ದುರಸ್ತಿ ಹೇಗೆ ಮಾಡಬೇಕು ಅನ್ನುವುದಕ್ಕೆ ಜಗಳ. ಹೊಸದಾಗಿ ಮಾಡಲು ಹೋಗಿ ಹಳೆಯದನ್ನು ಕೆಡಿಸಬೇಡಿ ಅಂತ, ಹಳೆಯ ಕಟ್ಟಡಗಳನ್ನು ಉಳಿಸಲು ಕವಿ, ವಿನ್ಯಾಸಕಾರ ವಿಲಿಯಂ ಮೋರಿಸ್ ಕಟ್ಟಿದ್ದ ಸಂಘ ಹಟ ಹಿಡಿಯಿತು. ಪುಣ್ಯ!

ಕೊನೆಗೆ ಉತ್ತರದ ಬಾಗಿಲು. 1577ರ ಆಗಸ್ಟ್ 4, ಭಾನುವಾರ. ಜನ ಪ್ರಾರ್ಥನೆಗೆ ಸೇರಿದ್ದಾಗ ಸಿಡಿಲು ಬಡಿಯಿತು, ಒಳಗೇ ಸಾವಾಯಿತು. ಬ್ಲ್ಯಾಕ್ ಶಕ್ ಅನ್ನುವ ದೆವ್ವದ ಕರಿನಾಯಿ ನುಗ್ಗಿತು, ಓಡುವಾಗ ಬಾಗಿಲನ್ನು ಪರಚಿತು ಅಂತ ಊರ ಕತೆ. ಬಾಗಿಲಲ್ಲಿ ಉದ್ದುದ್ದ ಸುಟ್ಟ ಗುರುತುಗಳು ನಿಜಕ್ಕೂ ಇವೆ. ಇಂಥವು ಇಂಗ್ಲೆಂಡಿನ ಬೇರೆ ಹಳೇ ಕಟ್ಟಡಗಳಲ್ಲೂ ಇವೆ, ಮೇಣದಬತ್ತಿಯಿಂದ ಆದವು ಅನ್ನುವವರಿದ್ದಾರೆ. ಇರಬಹುದು. ಒಂದರ ಮೇಲೆ ಬೆರಳಿಟ್ಟೆ. ಹಿಂದೆ ಏನೋ ಸದ್ದಾಯಿತು, ಕೈ ತಾನಾಗಿ ಹಿಂದಕ್ಕೆ ಬಂತು. ಹೂ ಜೋಡಿಸುತ್ತಿದ್ದ ಅಜ್ಜಿಯ ಕೈಯಿಂದ ಕತ್ತರಿ ಬಿದ್ದಿತ್ತು.