ಸಂದಿಯಲ್ಲಿ ನಿಂತ ನೆರಳು

ಪೆರುವಿನ ಕುಸ್ಕೋ ಊರಲ್ಲಿ ಹಾತುನ್ ರುಮಿಯೋಕ್ ಅಂತ ಒಂದು ಇಕ್ಕಟ್ಟಾದ ಗಲ್ಲಿ ಇದೆ. ಅಲ್ಲಿ ಸ್ಪ್ಯಾನಿಷರು ಬರುವ ಮೊದಲು ಪೆರುವನ್ನು ಆಳಿದ ಇಂಕಾ ಜನರು ಕಟ್ಟಿದ ಗೋಡೆಯಲ್ಲಿ 12 ಮೂಲೆಗಳ ಒಂದು ದೊಡ್ಡ ಕಲ್ಲು ಕೂತಿದೆ. ಮುಟ್ಟುವ ಹಾಗಿಲ್ಲ. ಎಲ್ಲರೂ ಫೋಟೊ ತೆಗೆದುಕೊಂಡು ಮುಂದೆ ಹೋಗುತ್ತಿದ್ದರು. ನಾನು ಎದುರು ಗೋಡೆಗೆ ಒರಗಿ ನಿಂತು ಪುಸ್ತಕದಲ್ಲಿ ಅದರ ಚಿತ್ರ ಬರೆದುಕೊಂಡೆ. ಊರು ಸುಮಾರು 3,400 ಮೀಟರ್ ಎತ್ತರದಲ್ಲಿದೆ, ಸುಮ್ನೆ ನಿಂತರೂ ಏದುಸಿರು. ಆದರೆ ಕಣ್ಣು ಕೀಳಲು ಆಗಲಿಲ್ಲ. ಕಲ್ಲುಗಳ ನಡುವೆ ಗಾರೆ ಇಲ್ಲ. ಇಂಕಾ ಜನರ ಹತ್ತಿರ ಕಬ್ಬಿಣದ ಉಳಿಯೂ ಇರಲಿಲ್ಲ. ಕಲ್ಲಿನಿಂದಲೇ ಕಲ್ಲನ್ನು ಕುಟ್ಟಿ ಕುಟ್ಟಿ ಕೂರಿಸಿದ್ದಾರೆ. 1950ರ ಭೂಕಂಪದಲ್ಲಿ ಅದೇ ಊರಿನ ಸಾಂತೋ ದೊಮಿಂಗೋ ಚರ್ಚಿನ ಕಟ್ಟಡ ಕುಸಿಯಿತು, ಅದರ ಅಡಿಯ ಇಂಕಾ ಗೋಡೆ ನಿಂತಿತು.

ಗೆರೆಗಳ ಈ ಹುಚ್ಚು ಹಿಡಿಸಿದ್ದು ಕಲಾವಿದ ಯೋಸೆಫ್ ಆಲ್ಬರ್ಸ್. ಮೆಕ್ಸಿಕೋದ ಮೋಂತೆ ಆಲ್ಬಾನ್ ಅವಶೇಷಗಳ ಹೆಸರಿಟ್ಟು ಅವರು 1942ರಲ್ಲಿ ಒಂದು ಲಿಥೋಗ್ರಾಫ್, ಅಂದರೆ ಅಚ್ಚಿನ ಚಿತ್ರ, ಮಾಡಿದರು. ಇರುವುದು ಬರೀ ನೇರ ಗೆರೆ, ಕೆಲವು ದಪ್ಪ, ಕೆಲವು ತೆಳು. ನೋಡುತ್ತಾ ಇದ್ದರೆ ಮೆಟ್ಟಿಲು ಒಳಕ್ಕೆ ಹೋಗುತ್ತದೆ, ಮರುಕ್ಷಣ ಹೊರಕ್ಕೆ ಬರುತ್ತದೆ. ಮುಂದೆ 1950ರ ದಶಕದಲ್ಲಿ ಅವರು ಪತ್ನಿ ಆ್ಯನಿ ಜೊತೆ ಪೆರುವಿಗೂ ಬಂದು ಇಂಕಾ ಅವಶೇಷಗಳಿರುವ ಮಾಚು ಪಿಚು ನೋಡಿದರು.

ಮನೆಗೆ ಬಂದವನೇ ಕೆತ್ತಿ ಅಚ್ಚು ತೆಗೆಯುವ ಲಿನೋ ಹಾಳೆ ಹಿಡಿದು ಕೂತೆ. ಅದರಲ್ಲಿ ಕೆತ್ತಿದ ಕಡೆ ಬಿಳಿ, ಉಳಿಸಿದ ಕಡೆ ಶಾಯಿ. ಕಲ್ಲಿನ ಸಂದಿಗಳನ್ನೆಲ್ಲ ಉಳಿಯಿಂದ ಕೆತ್ತಿ ಅಚ್ಚು ತೆಗೆದೆ. ಕಪ್ಪು ಕಲ್ಲು, ಬಿಳಿ ಗೆರೆ. ನೆಲಕ್ಕೆ ಹಾಸಿದ ಟೈಲ್ಸ್ ಥರ ಕಂಡಿತು. ಮೇಲಾಗಿ ಚಿತ್ರ ಎಡ ಬಲ ತಿರುಗಿತ್ತು. ಅದು ಆ ಕಲ್ಲೇ ಅಲ್ಲ. ತುಂಬಾ ಬೇಜಾರಾಯಿತು.

ಪುಸ್ತಕ ತೆರೆದು ಮತ್ತೆ ನೋಡಿದೆ. ಅಲ್ಲಿ ಪ್ರತಿ ಕಲ್ಲಿನ ಮುಖ ಸ್ವಲ್ಪ ಉಬ್ಬಿದೆ, ಅಂಚು ಒಳಕ್ಕೆ ಬಾಗಿದೆ. ಆ ತಗ್ಗಿನಲ್ಲಿ ನಿಲ್ಲುವುದು ನೆರಳು. ಗೋಡೆಯನ್ನು ಕಣ್ಣಿಗೆ ಕಟ್ಟಿಕೊಡುವುದೇ ಆ ನೆರಳು, ನಾನು ಅದನ್ನೇ ಕೆತ್ತಿ ಬಿಸಾಕಿದ್ದೆ!

ಭಾನುವಾರ ಹೊಸ ಹಾಳೆ ತೆಗೆದೆ. ಕಿಟಕಿ ಗಾಜಿಗೆ ಕಾಗದ ಒತ್ತಿ ಚಿತ್ರವನ್ನು ತಿರುಗಿಸಿ ಬರೆದುಕೊಂಡೆ. ಲಿನೋವನ್ನು ಬಿಸಿಲಿಗಿಟ್ಟು ಮೆತ್ತಗೆ ಮಾಡಿದೆ. ಈ ಸಲ ಕಲ್ಲನ್ನು ಕೆತ್ತಿದೆ, ಸಂದಿಯನ್ನು ಉಳಿಸಿದೆ. ಎಳ್ಳಿನಷ್ಟು ಅಗಲದ ಏಣು. ನೆರಳು ಜಾಸ್ತಿ ಇದ್ದ ಕಡೆ ಸ್ವಲ್ಪ ದಪ್ಪ, ಉಳಿದ ಕಡೆ ಕೂದಲಿನಂತೆ. ಒಂದೊಂದು ಮೂಲೆ ತಿರುಗುವಾಗಲೂ ಉಸಿರು ಬಿಗಿಹಿಡಿದೆ. ಸಂಜೆ ರೋಲರ್‌ನಲ್ಲಿ ಶಾಯಿ ಹಚ್ಚಿ, ಕಾಗದ ಹಾಸಿ, ಚಮಚದ ಬೆನ್ನಿನಿಂದ ನಿಧಾನಕ್ಕೆ ಉಜ್ಜಿದೆ.

ಕಾಗದ ಎತ್ತಿದಾಗ ಕಲ್ಲು ಉಬ್ಬಿಕೊಂಡು ನಿಂತಿತ್ತು. ಮೂಲೆಗಳನ್ನು ಎಣಿಸಿದೆ, 12 ಇವೆ. ಕೆಳಗಿನ ಎಡಗಡೆ ಗೆರೆ ಇನ್ನೂ ದಪ್ಪ ಆಯ್ತು ಅನಿಸುತ್ತಿದೆ. ನಾಳೆ ಬೆಳಕು ಬಂದ ಮೇಲೆ ಅಲ್ಲಿ ಒಂದು ಎಳೆ ತೆಗೆಯಬೇಕು.